ಹನ್ನೆರಡು ಗಂಟೆಯ ಕರೆ

ಶಾಸನಸಭೆಯಿಂದ ಬಂದ ಕರೆ "ಮಸೂದೆ ಬಿ..." ಎನ್ನುವಷ್ಟರಲ್ಲಿ ಕಡಿದುಹೋಯಿತು.

ಟೆಲಿಫೋನ್ ಕೇಂದ್ರದ ಆರೂ ಹೆಂಗಸರು ಒಟ್ಟಿಗೆ ತಿರುಗಿ ನೋಡಿದರು. ಹಿಂದಿನ ಎತ್ತರದ ಕುರ್ಚಿಯಲ್ಲಿ ಕೂತಿದ್ದ ತಪಾಸಣಾಧಿಕಾರಿ ಗುಂಡಿಯ ಮೇಲಿನ ಬೆರಳನ್ನು ಇನ್ನೂ ತೆಗೆದಿರಲಿಲ್ಲ. ಯುದ್ಧ ಶುರುವಾದಾಗಿನಿಂದ ನಾಲ್ಕು ವರ್ಷ, ಊರಿನ ಮಾತನ್ನೆಲ್ಲ ಕೇಳಿ, ಬೇಡವೆನಿಸಿದ್ದನ್ನು ಕತ್ತರಿಸುವುದೇ ಆತನ ಕೆಲಸ. ಯುದ್ಧ ಮುಗಿದು ಹನ್ನೊಂದು ದಿನವಾಗಿತ್ತು. ಆತ ಮಾತ್ರ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

"ಅದು ಪೇಪರಿನವರ ಕರೆ ಸಾರ್," ಎಂದಳು ಹಿರಿಯ ಆಪರೇಟರ್. ಉಳಿದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. "ಸಭೆಯಲ್ಲಿ ಏನಾಯ್ತು ಅಂತ ಅವರ ವರದಿಗಾರ ಹೇಳ್ತಿದ್ದ."

"ಗೊತ್ತು. ಅದಕ್ಕೇ ಕತ್ತರಿಸಿದ್ದು. ಹನ್ನೆರಡರ ತನಕ ಕಾಯಿದೆ ಕಾಯಿದೆಯೇ. ನೀನು ನಿನ್ನ ಕೆಲಸ ನೋಡು."

ಆ ಕಾಯಿದೆ ಯುದ್ಧದ ಮೊದಲ ವಾರ ಬಂದದ್ದು. ಜನ ಗುಂಪು ಸೇರುವಂತಿಲ್ಲ, ಸರ್ಕಾರವನ್ನು ಬೈಯುವಂತಿಲ್ಲ, ಚುನಾವಣೆಯ ಮಾತೇ ಇಲ್ಲ, ಫೋನಿನ ಮಾತಿಗೂ ಕಾವಲು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಅದರ ಅವಧಿ ಮುಗಿಯುತ್ತಿತ್ತು. ಅದನ್ನು ಇನ್ನೆರಡು ವರ್ಷ ಎಳೆಯಲು ಸರ್ಕಾರ ಮಸೂದೆ ತಂದಿತ್ತು. ಕರಪತ್ರವೊಂದನ್ನು ಅಚ್ಚುಹಾಕಿದ ತಪ್ಪಿಗೆ ಅಕ್ಕನ ತಮ್ಮ ಇದೇ ಕಾಯಿದೆಯಡಿ ಹದಿನಾಲ್ಕು ತಿಂಗಳಿನಿಂದ ಜೈಲಿನಲ್ಲಿದ್ದ. ಗೋಡೆ ಗಡಿಯಾರದಲ್ಲಿ ಹನ್ನೊಂದು ಐವತ್ತೊಂದು.

"ಬಿ ಅಂದ್ರೆ ಬಿತ್ತು ಅಂತಲೇ ಅಲ್ವಾ ಅಕ್ಕಾ?" ಪಕ್ಕದವಳು ತುಟಿ ಅಲ್ಲಾಡಿಸದೆ ಕೇಳಿದಳು.

"ಬಿಗಿಯಾಯ್ತು ಅಂತಲೂ ಇರಬಹುದು. ಸುಮ್ಮನೆ ಬೋರ್ಡ್ ನೋಡು."

ಬೋರ್ಡಿನ ತುಂಬ ದೀಪಗಳು ಹತ್ತಿಕೊಳ್ಳುತ್ತಿದ್ದವು. ಹೆಣ್ಣುಮಕ್ಕಳ ಶಾಲೆ, ಗಿರಣಿ, ಬಂದರು, ಗಾಯಾಳುಗಳ ಆಸ್ಪತ್ರೆ. ಎಲ್ಲರದ್ದೂ ಒಂದೇ ಪ್ರಶ್ನೆ, ಅದೂ ಸುತ್ತಿಬಳಸಿ: "ಇವತ್ತು ವಿಶೇಷ ಏನಮ್ಮಾ?" ಅಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಲೈನಿನಲ್ಲೇ ಇರಿ." ಉಳಿದ ಐವರಿಗೂ ಕಣ್ಣಲ್ಲೇ ಹೇಳಿದಳು, ಒಬ್ಬರನ್ನೂ ಬಿಡಬೇಡಿ. ಹನ್ನೊಂದು ಐವತ್ತೇಳಕ್ಕೆ ಶಾಸನಸಭೆಯ ದೀಪ ಮತ್ತೆ ಹೊತ್ತಿತು. "ಅಣ್ಣಾ, ನಾನು ಹೇಳೋ ತನಕ ಒಂದು ಮಾತೂ ಆಡಬೇಡಿ," ಎಂದು ಅವಳು ಆ ಕರೆಯನ್ನೂ ಹಿಡಿದಿಟ್ಟಳು.

"ಅವನನ್ನು ಯಾಕೆ ಹಿಡ್ಕೊಂಡು ಕೂತಿದ್ದೀಯಾ?" ಎಂದ ಅಧಿಕಾರಿ.

"ಅವನು ಮಾತಾಡ್ತಾ ಇಲ್ಲವಲ್ಲ ಸಾರ್. ಸುಮ್ಮನಿರೋದನ್ನೂ ಕತ್ತರಿಸೋಕೆ ಆಗುತ್ತಾ?"

ಯಾರೋ ಕಿಸಕ್ಕೆಂದರು. ಅಧಿಕಾರಿಯ ಬೆರಳು ಗುಂಡಿಯ ಮೇಲೆಯೇ ಇತ್ತು. ಅಕ್ಕ ಗಡಿಯಾರ ನೋಡುತ್ತಿದ್ದಳು. ಮಸೂದೆ ಗೆದ್ದಿದ್ದರೆ ತಾನು ತಮ್ಮನಿರುವ ಜೈಲಿಗೇ ಹೋಗಬೇಕು. ಆದರೆ "ಹನ್ನೆರಡರ ತನಕ" ಎಂದು ಈತನ ಬಾಯಿಂದಲೇ ಬಂದಿತ್ತಲ್ಲ, ಗೆದ್ದಿದ್ದರೆ ಹಾಗೇಕೆ ಅನ್ನುತ್ತಿದ್ದ? ಗಡಿಯಾರದ ಎರಡೂ ಮುಳ್ಳು ಒಂದರ ಮೇಲೊಂದು ಕೂತವು. ಅವಳು ಎದ್ದಳು. ಬೋರ್ಡಿನ ಕೊನೆಗೆ ನಡೆದು, ನಾಲ್ಕು ವರ್ಷ ಯಾರೂ ಮುಟ್ಟದಿದ್ದ ಆತನ ಗುಂಡಿಗೆ ಹೋಗುವ ತಂತಿಯನ್ನು ಹಿಡಿದು ಎಳೆದುಬಿಟ್ಟಳು.

"ಯಾರ ಅಪ್ಪಣೆ ಮೇಲೆ?"

"ನಿಮ್ಮದೇ ಸಾರ್. ಹನ್ನೆರಡಾಯ್ತು."

ಆರು ಜೊತೆ ಕೈಗಳು ಬೋರ್ಡಿನ ಮೇಲೆ ಓಡಾಡಿದವು. ಹಿಡಿದಿಟ್ಟಿದ್ದ ನಲವತ್ತು ಲೈನುಗಳೂ ಒಂದಕ್ಕೊಂದು ಕೂಡಿಕೊಂಡವು. "ಈಗ ಹೇಳಿ ಅಣ್ಣಾ," ಎಂದಳು ಅಕ್ಕ. ವರದಿಗಾರನ ಮಾತು ನಲವತ್ತು ಕಡೆ ಒಮ್ಮೆಗೇ ಕೇಳಿಸಿತು: "ಬಿತ್ತು. ಮೂರೇ ಮೂರು ಓಟಿನಿಂದ ಬಿತ್ತು. ಮೂರು ತಿಂಗಳೊಳಗೆ ಚುನಾವಣೆ, ಈ ಸಲ ಹೆಂಗಸರಿಗೂ ಓಟು ಕೊಡ್ತಾರಂತೆ. ನಾಳೆಯಿಂದ ಕೈದಿಗಳ ಬಿಡುಗಡೆ." ಅತ್ತ ಕಡೆ ಯಾರೋ ಅತ್ತರು, ಯಾರೋ ನಕ್ಕರು, ಶಾಲೆಯವರು ಗಂಟೆ ಬಾರಿಸತೊಡಗಿದರು. ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದವಳು ಕುರ್ಚಿ ಹತ್ತಿ, ಬಾಂಬಿನ ದಿನಗಳಲ್ಲಿ ಕಿಟಕಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಪರಪರನೆ ಹರಿದಳು. ಬಿಸಿಲು ಬೋರ್ಡಿನ ಮೇಲೆ ಸುರಿಯಿತು. ಬೀದಿಯಲ್ಲಿ ಆಗಲೇ ಜನ ಗುಂಪು ಸೇರುತ್ತಿದ್ದರು.

ಸದ್ದು ಸ್ವಲ್ಪ ಇಳಿದ ಮೇಲೆ ನೋಡಿದರೆ ಅಧಿಕಾರಿ ಅಕ್ಕನ ಪಕ್ಕದಲ್ಲೇ ನಿಂತಿದ್ದ. ಹೆಡ್‌ಫೋನ್ ತೆಗೆದಿದ್ದರಿಂದ ಎರಡೂ ಕಿವಿ ಕೆಂಪಗೆ ಕಾಣುತ್ತಿದ್ದವು. ಕೆಲಸ ಹೋದವನ ಮುಖವಾಗಿರಲಿಲ್ಲ ಅದು, ರಜೆ ಸಿಕ್ಕವನ ಮುಖ.

"ನನಗೂ ಒಂದು ಲೈನ್ ಕೊಡ್ತೀರಾ? ಮನೆಗೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಇಲ್ಲಿಂದ ಮಾಡಿಲ್ಲ."

ಆತ ಬಹುವಚನದಲ್ಲಿ ಮಾತಾಡಿಸಿದ್ದನ್ನು ಗಮನಿಸಿ, ಅಕ್ಕ ಲೈನ್ ಜೋಡಿಸಿ ರಿಸೀವರ್ ಕೊಟ್ಟಳು.

"ನಾನು ಕಣೇ! ಕಾಯಿದೆ ಮುಗೀತು, ಗೊತ್ತಾಯ್ತಾ? ಮನೆಗೆ ಬರ್ತಿದ್ದೀನಿ. ಇನ್ನು ಏನು ಬೇಕಾದ್ರೂ ಮಾತಾಡಬಹುದು. ಹೇಳು, ಏನಾದ್ರೂ ಹೇಳು."

ಸ್ವಲ್ಪ ಹೊತ್ತು ಕೇಳಿಸಿಕೊಂಡು ಆತ ರಿಸೀವರನ್ನು ಮೆಲ್ಲಗೆ ಕೆಳಗಿಟ್ಟ.

"ಏನಂದ್ರು ಸಾರ್?"

"'ನಾವೆಲ್ಲ ಸೌಖ್ಯ, ಸರ್ಕಾರ ಚೆನ್ನಾಗಿ ನೋಡ್ಕೊಳ್ತಿದೆ' ಅಂದು ಇಟ್ಟುಬಿಟ್ಟಳು."