ಬಾಗಿಲು ತಡೆದ ಹಾಡು

ಪರದೆಯ ಮೇಲೆ ಪ್ರೇತವು ಹುಡುಗಿಯ ಮನೆಬಾಗಿಲಿಗೆ ಬಂದು ನಿಂತಿತು. ಕೊಪ್ಪದ ಸಭಾಂಗಣ ಉಸಿರು ಬಿಗಿಹಿಡಿಯಿತು. ನೂರು ವರ್ಷ ಹಳೆಯ ಆ ಮೂಕಿ ಚಿತ್ರಕ್ಕೆಂದೇ ತಾವು ಬರೆದ ಪದ್ಯದ ಮೊದಲ ಭಾಗವನ್ನು ಕನ್ನಡ ಮೇಷ್ಟ್ರು ಷಡಕ್ಷರಿ ಗಂಭೀರ ದನಿಯಲ್ಲಿ ಓದಿ ಮುಗಿಸಿ, ಪಕ್ಕದಲ್ಲಿದ್ದ ಕುಸುಮಕ್ಕನಿಗೆ ಸನ್ನೆ ಮಾಡಿದರು. ಬೇಗಾರಿನ ಕುಸುಮಕ್ಕ ಮದುವೆಮನೆಗಳ ಹಾಡುಗಾರ್ತಿ. ಈಗ ಅವರು ಎದೆ ನಡುಗಿಸುವಂಥ ಒಂದು ಆಲಾಪ ತೆಗೆಯಬೇಕಿತ್ತು. ಮೂರು ದಿನ ಅಭ್ಯಾಸವೂ ಆಗಿತ್ತು.

ಆದರೆ ಅಭ್ಯಾಸದಲ್ಲಿ ಚಿತ್ರ ಇರಲಿಲ್ಲ. ಕುಸುಮಕ್ಕ ಪ್ರೇತವನ್ನು ನೋಡಿದ್ದು ಇದೇ ಮೊದಲು. "ಅಯ್ಯೋ, ಎಂತ ಬಡಕಲು ಮಾರಾಯ್ರೆ! ಮದುವೆಗೆ ಬಂದವ್ರ ಹಾಗೆ ಕೋಟು ಬೇರೆ ಹಾಕ್ಕೊಂಡಿದಾನೆ" ಎಂದರು. ಮೈಕು ಅದನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು. ಸಭೆ ಗೊಳ್ಳೆಂದಿತು.

ಷಡಕ್ಷರಿಯವರ ಕಿವಿ ಬಿಸಿಯಾಯಿತು. "ಆಲಾಪ ಕುಸುಮಕ್ಕ, ಆಲಾಪ!" ಎಂದು ಪಿಸುಗುಟ್ಟಿದರು. ಪ್ರೇತ ಇನ್ನೂ ನಾಚಿದವನ ಹಾಗೆ ಹೊಸ್ತಿಲಲ್ಲೇ ನಿಂತಿತ್ತು. ಕುಸುಮಕ್ಕನ ಬಾಯಿಗೆ ಬಂದದ್ದು ಮದುಮಗನನ್ನು ಬಾಗಿಲಲ್ಲಿ ತಡೆಯುವ ಹಾಡು. "ಯಾವೂರ ಭಾವಯ್ಯ, ಯಾರ ಮನೆ ಮಗ ನೀನು, ಹೇಳದೆ ಬಾಗಿಲು ತೆಗೆಯೆವು" ಎಂದು ಅವರು ಎತ್ತಿಕೊಂಡರೆ, ಹಿಂದಿನ ಸಾಲಿನ ಹೆಂಗಸರೂ ದನಿಗೂಡಿಸಿದರು.

ಪ್ರೇತ ಬಾಯಿ ತೆರೆಯಿತು. ಚಿತ್ರಕ್ಕೆ ಮಾತು ಬಾರದು, ಉತ್ತರ ಕೊಡಬೇಕಾದವರು ಷಡಕ್ಷರಿಯೇ. ಎಲ್ಲರೂ ಅವರತ್ತ ತಿರುಗಿದರು. ಅವರ ಕೈಯಲ್ಲಿ ರಕ್ತ, ಸ್ಮಶಾನ, ಅಂಧಕಾರ ತುಂಬಿದ ಹನ್ನೆರಡು ಪುಟಗಳು ಇನ್ನೂ ಉಳಿದಿದ್ದವು. ಅವನ್ನು ಮಡಿಚಿ ಜೇಬಿಗೆ ತುರುಕಿ, ಮೈಕು ಹತ್ತಿರಕ್ಕೆಳೆದುಕೊಂಡು, ಅದೇ ಧಾಟಿಯಲ್ಲಿ ಹಾಡಿದರು: "ದಾರಿ ಬಿಡೆ ನಾದಿನಿ, ಮುಹೂರ್ತ ಮೀರುತ್ತದೆ, ಬೆಳಗಾದರೆ ನಾನೇ ಇರುವುದಿಲ್ಲ!"