ಹಡಗಿನ ಬಣ್ಣ

ಈಗಲೇ ಹೇಳಿಬಿಡಲೇ, ಅಥವಾ ಅವಳು ಅಂಕಿ ಓದಿ ಮುಗಿಸುವವರೆಗೆ ಕಾಯಲೇ? ಜ್ಯೂರಿಖ್‌ನಲ್ಲಿ, ಸಮುದ್ರದಲ್ಲಿ ಸಿಕ್ಕಿಬಿದ್ದ ವಲಸಿಗರ ಸಹಾಯವಾಣಿಯ ಪಾಳಿಯಲ್ಲಿದ್ದ ತೆಸ್ಫಾಲೆಮ್‌ಗೆ ಕಡಲ ರಕ್ಷಣಾ ಕೇಂದ್ರ ಆಗಷ್ಟೇ ತಿಳಿಸಿತ್ತು: ಮೆಡಿಟರೇನಿಯನ್ ನಡುವೆ ಎಂಜಿನ್ ಕೆಟ್ಟು ನಿಂತಿರುವ ಆ ರಬ್ಬರ್ ದೋಣಿಗಾಗಿ ಯಾರನ್ನೂ ಕಳಿಸುವುದಿಲ್ಲ.

ದೋಣಿಯಿಂದ ಮೆಬ್ರಾತ್ ಫೋನಿನಲ್ಲಿ ತಾವಿರುವ ಜಾಗದ ಅಂಕಿಗಳನ್ನು ಓದಿದಳು. ಅವನು ಬರೆದುಕೊಂಡ.

"ಅಣ್ಣಾ, ಬರೋ ಹಡಗು ಯಾವ ಬಣ್ಣದ್ದು?"

"ಯಾಕಮ್ಮಾ?"

"ಬೂದು ಅಂದ್ರೆ ಲಿಬಿಯಾ ಕಾವಲಿನೋರ್ದು, ಜೈಲಿಗೇ ವಾಪಸ್, ನೀರಿಗೆ ಹಾರ್ತೀವಿ ಅಂತಿದಾರೆ ಇವ್ರು. ಕೆಂಪಾದ್ರೆ ಕಾಪಾಡೋರ್ದು, ಸುಮ್ನೆ ಕೂತ್ಕೋತಾರಂತೆ. ಒಬ್ಬನಿಗೂ ಈಜೋಕೆ ಬರಲ್ಲ, ಜಂಬ ನೋಡಣ್ಣಾ!"

ಅವಳು ನಕ್ಕಳು. ಅವನ ಪೆನ್ಸಿಲ್ ಕೊನೆಯ ಅಂಕಿಯನ್ನೇ ಮತ್ತೆ ಮತ್ತೆ ತಿದ್ದುತ್ತಿತ್ತು.

"ಕೆಂಪು," ಎಂದ. "ಫೋನ್ ಆಫ್ ಮಾಡು, ಬ್ಯಾಟರಿ ಉಳೀಲಿ. ಒಂದು ಗಂಟೆ ಬಿಟ್ಟು ಮಾಡು."

"ಕೆಂಪಂತೆ ಕಣ್ರೋ!" ಎಂದು ಅವಳು ಕೂಗಿದ್ದೂ, ಅವರೆಲ್ಲ ಚಪ್ಪಾಳೆ ತಟ್ಟಿದ್ದೂ ಕೇಳಿಸಿತು.

ಯಾವ ಹಡಗೂ ಹೊರಟಿಲ್ಲವೆಂದು ಅವನು ಹೇಳಲೇ ಇಲ್ಲ.