ಕೋರ್ಟಿನ ಮುಂದೆ ಒಂದು ಎಳನೀರು

ವಿಚ್ಛೇದನದ ಅರ್ಜಿ ಹಾಕಿದವನು ಗಂಡ. ಹೋದ ಸಲ ಅವನೇ ಬಂದಿರಲಿಲ್ಲ. ಇವತ್ತೂ ಬರದಿದ್ದರೆ ಕೇಸು ವಜಾ ಎಂದು ನ್ಯಾಯಾಧೀಶರು ಎಚ್ಚರಿಸಿದ್ದರು. ಹಾಗಾಗಿ ಬೆಳಿಗ್ಗೆಯೇ ಬಂದು ಪಡಸಾಲೆಯ ಬೆಂಚಿನ ಒಂದು ತುದಿಯಲ್ಲಿ ಕುಳಿತಿದ್ದ. ಇನ್ನೊಂದು ತುದಿಯಲ್ಲಿ ಹೆಂಡತಿ. ವಕೀಲರ ಸುಳಿವಿರಲಿಲ್ಲ.

“ರೀ, ತಲೆ ಸುತ್ತುತ್ತಿದೆ. ಒಂದು ಎಳನೀರು ತಂದುಕೊಡ್ತೀರಾ?”

“ಈಗಲೇನಾ? ಮುಂದಿನದು ನಮ್ಮದೇ ಕೇಸು.”

“ಹಾಗಾದ್ರೆ ಬಿಡಿ, ಇಲ್ಲೇ ಬಿದ್ದು ಸಾಯ್ತೀನಿ. ಆಗ ನಿಮಗೆ ಕೇಸೇ ಬೇಕಾಗಲ್ಲ.”

ಅವನು ಗೊಣಗುತ್ತಾ ಎದ್ದು ಹೋದ. ಅವನು ಮರೆಯಾದದ್ದೇ ತಡ, ಅವಳು ನೆಟ್ಟಗೆ ಕುಳಿತು ಸೆರಗು ಸರಿಮಾಡಿಕೊಂಡಳು. ಜವಾನ ಬಾಗಿಲಿಗೆ ಬಂದು ಗಂಡನ ಹೆಸರನ್ನು ಮೂರು ಸಲ ಕೂಗಿದ. ಒಳಗೆ ಹೋದವಳು ಅವಳೊಬ್ಬಳೇ.

“ಅರ್ಜಿದಾರರು ಬಂದಿಲ್ವೇನಮ್ಮ?” ನ್ಯಾಯಾಧೀಶರು ಕೇಳಿದರು.

“ಕಾಣಿಸ್ತಿಲ್ಲ ಸ್ವಾಮಿ.”

ಕೇಸು ವಜಾ ಆಯಿತು. ಅವಳು ಹೊರಗೆ ಬಂದಾಗ ಗಂಡ ಎಳನೀರು ಹಿಡಿದು ನಿಂತಿದ್ದ.

“ನಮ್ಮದು ಕೂಗಿದ್ರಾ?”

“ಕೂಗಿದ್ರು, ವಜಾನೂ ಆಯ್ತು. ಒಂದು ಎಳನೀರಿಗೆ ಇಷ್ಟು ಹೊತ್ತೇನ್ರೀ?”

“ಗಾಡಿ ಹತ್ರ ಸಿಕ್ಕಾಪಟ್ಟೆ ಜನ.”

ಅಷ್ಟರಲ್ಲಿ ಜವಾನ ಹೊರಬಂದ.

“ಏನ್ ಸ್ವಾಮಿ, ಗಂಟಲು ಹರಿಯೋ ಹಾಗೆ ಕೂಗಿದೆ. ಎಳನೀರು ಹಿಡ್ಕೊಂಡು ಈ ಕಂಬದ ಹಿಂದೇನೇ ನಿಂತಿದ್ರಲ್ಲ, ಒಳಗೆ ಬರೋಕೇನಾಗಿತ್ತು?”